ಅಭಿರುಚಿಗೊಂದು ಸ್ವಂತ ಕೋಣೆ

ಗ್ರಾಹಕರ ಇಷ್ಟವನ್ನು ಅರಿಯಲು ಅವರು ಏನನ್ನು ಕೊಳ್ಳುತ್ತಾರೆಂದು ಗಮನಿಸಿದರೆ ಸಾಕು ಎಂಬುದು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1938ರಲ್ಲಿ ಮಂಡಿಸಿದ ವಾದದ ತಿರುಳು. ಬೇಕಾದ ಸರಕು ಪೇಟೆಯಲ್ಲೇ ಇಲ್ಲದಿದ್ದರೆ? 'ಫ್ಯಾನ್ ಫಿಕ್ಷನ್' ಎಂಬ ಅಭಿಮಾನಿ ಕಥನದ ಮಹಿಳೆಯರು ಅದನ್ನು ತಾವೇ ಬರೆದುಕೊಂಡರು.

1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ಅಮೆರಿಕದ ಅಭಿಮಾನಿಗಳು ಹೊಸ ಕಥೆಗಳನ್ನು ಹೆಣೆದು, ಸೈಕ್ಲೋಸ್ಟೈಲ್ ಪತ್ರಿಕೆಗಳಲ್ಲಿ ಹಂಚಿಕೊಳ್ಳತೊಡಗಿದರು. ಬರೆದವರಲ್ಲಿ ಬಹುಪಾಲು ಮಹಿಳೆಯರು. ಕರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಪುರುಷರ ಪ್ರಣಯವನ್ನು ಸೂಚಿಸುವ ಕಥೆ 1974ರಲ್ಲಿ ಅಂಥದೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಇದರಲ್ಲಿ ಹೆಣ್ಣಿಗೇನು ಆಸಕ್ತಿ ಎಂದು ಹುಬ್ಬೇರಿಸುವವರಿಗೆ ಲೇಖಕಿ ಜೊಆನಾ ರಸ್ 1985ರಲ್ಲೇ ಉತ್ತರಿಸಿದ್ದಾರೆ: ಒಡೆಯ-ಅಧೀನೆ ಎಂಬ ಭೇದವಿಲ್ಲದ, ಸರಿಸಮಾನರ ಅನುರಾಗವನ್ನು ಅವಳು ಅಲ್ಲಿ ಕಲ್ಪಿಸಿಕೊಳ್ಳುತ್ತಾಳೆ. ಉತ್ತರ ಸೊಗಸಾಗಿದೆ. ಆದರೆ ತನ್ನ ಇಷ್ಟಕ್ಕೆ ಕಾರಣ ಕೊಡೆಂದು ಗಂಡು ಓದುಗನನ್ನು ಯಾರೂ ಕೇಳಿದಂತಿಲ್ಲ!

ಅಂತರ್ಜಾಲ ಬಂದ ಮೇಲೆ ಈ ಬರಹಗಳು ಖಾಸಗಿ ಕಂಪನಿಗಳ ಜಾಗಕ್ಕೆ ವಲಸೆ ಹೋದವು. 2007ರಲ್ಲಿ ಲೈವ್‌ಜರ್ನಲ್ ಸಂಸ್ಥೆ ದೂರೊಂದರ ಮೇರೆಗೆ ನೂರಾರು ಖಾತೆಗಳನ್ನು ಮುನ್ಸೂಚನೆಯಿಲ್ಲದೆ ಅಳಿಸಿತು. ಅಭಿಮಾನಿ ಕಥೆಗಳೊಡನೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಪರಸ್ಪರ ನೆರವಿನ ಗುಂಪುಗಳೂ ಮಾಯವಾದವು. ಸಂಸ್ಥೆ ಬಳಿಕ ಕ್ಷಮೆ ಕೋರಿತು. ಆಡಳಿತದಲ್ಲಿದ್ದ ನನಗೆ ಇದು ಅಪರಿಚಿತವಲ್ಲ: ನಿಷೇಧದ ಆದೇಶಕ್ಕೆ ಅರ್ಧ ಪುಟ ಸಾಕು, ಅದರ ಬಲೆಗೆ ಯಾರ್ಯಾರು ಬೀಳುವರೆಂಬುದು ಆಮೇಲೆ ತಿಳಿಯುತ್ತದೆ.

ಅದೇ ವರ್ಷ ಈ ಮಹಿಳೆಯರು ಲಾಭರಹಿತ ಸಂಸ್ಥೆ ಕಟ್ಟಿದರು. 2009ರಲ್ಲಿ ತಮ್ಮದೇ ಸರ್ವರ್‌ಗಳ ಮೇಲೆ ಭಂಡಾರ ತೆರೆದರು. 'ಆರ್ಕೈವ್ ಆಫ್ ಅವರ್ ಓನ್' ಎಂಬ ಹೆಸರಿನಲ್ಲಿ ವರ್ಜೀನಿಯಾ ವುಲ್ಫ್ 1929ರಲ್ಲಿ ಹೆಣ್ಣಿಗಾಗಿ ಕೇಳಿದ ಸ್ವಂತ ಕೋಣೆಯ ನೆನಪಿದೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ನಡೆಯುವುದು ದೇಣಿಗೆ ಮತ್ತು ಸ್ವಯಂಸೇವೆಯಿಂದ. ಕಥೆಯ ತಲೆಯ ಮೇಲೆ ಜೋಡಿ ಯಾವುದು, ಹಿಂಸೆ ಇದೆಯೇ, ಲೈಂಗಿಕತೆ ಎಷ್ಟು ಎಂಬ ಪಟ್ಟಿ ಇರುತ್ತದೆ. ಎಚ್ಚರಿಕೆ ನೀಡಲು ಇಚ್ಛಿಸದ ಲೇಖಕಿ ಅದನ್ನೇ ನಮೂದಿಸಬೇಕು. ಆಯ್ಕೆ ಓದುಗಳದು. ಅಪ್ರಾಪ್ತ ಪಾತ್ರಗಳ ಕುರಿತ ಕೆಲವು ಬರಹಗಳು ಅಲ್ಲಿ ಉಳಿದಿರುವುದು ನನಗೆ ಹಿತವೆನಿಸುವುದಿಲ್ಲ. ಆದರೂ ಈ ಪಟ್ಟಿಯನ್ನು ನಿಷೇಧಕ್ಕಿಂತ ಹೆಚ್ಚು ನಂಬುತ್ತೇನೆ. 2019ರಲ್ಲಿ ಭಂಡಾರಕ್ಕೆ ಹ್ಯೂಗೊ ಪ್ರಶಸ್ತಿ ಬಂತು.

ಮರುವರ್ಷ ಫೆಬ್ರುವರಿಯ ಕೊನೆಗೆ ಚೀನಾದಲ್ಲಿ ಅದು ತೆರೆಯದಂತಾಯಿತು. ಅದಕ್ಕೆ ಮುನ್ನ ದೂರು ನೀಡಿದ್ದವರು ಸರ್ಕಾರಿ ಅಧಿಕಾರಿಗಳಲ್ಲ, ಒಬ್ಬ ನಟನ ಅಭಿಮಾನಿಗಳು. ತಮ್ಮ ನಾಯಕನನ್ನು ಒಂದು ಕಥೆ ಚಿತ್ರಿಸಿದ ಬಗೆ ಅವರಿಗೆ ಸಹ್ಯವಾಗಿರಲಿಲ್ಲ. ಅದನ್ನು ಓದದೆ ಮುಂದೆ ಸಾಗುವ ದಾರಿ ಅವರಿಗೂ ಇತ್ತು.