ಜೊಲ್ಲಿನಲ್ಲಿ ಬಾಯಿ ಕ್ಯಾನ್ಸರಿನ ಸುಳಿವು
ಬಾಯಿ ಕ್ಯಾನ್ಸರಿನ ಹಿಂದೆ ಬಹಳ ಸಲ ತಂಬಾಕು, ಅಡಿಕೆಗಳ ಕೈವಾಡವಿರುತ್ತದೆ. ಅಡಿಕೆಯನ್ನು ಸುಣ್ಣದೊಂದಿಗೆ ಜಗಿದಾಗ ಬಾಯಿಯ ಕ್ಷಾರಗುಣ ಹೆಚ್ಚಿ, ಅಡಿಕೆಯ ಪಾಲಿಫೀನಾಲ್‌ಗಳಿಂದ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅವು ಒಳಗೆನ್ನೆಯ ಜೀವಕೋಶಗಳ ಕೊಬ್ಬನ್ನೂ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಗ್ಲುಟಾಥಿಯೋನ್‌ನಂಥ ರಕ್ಷಕಗಳು ಅವನ್ನು ತಡೆಯಲಾರದ ಸ್ಥಿತಿಯೇ ಆಕ್ಸಿಡೇಟಿವ್ ಒತ್ತಡ.

ಈ ಹಾನಿಯ ಕುರುಹುಗಳು ಜೊಲ್ಲಿಗೆ ಸೇರುತ್ತವೆ. ಕೊಬ್ಬು ಮುರಿದಾಗ ಉಳಿಯುವ ಮಲಾನ್‌ಡೈಆಲ್ಡಿಹೈಡ್ ಅವುಗಳಲ್ಲೊಂದು. ಪರೀಕ್ಷೆಗೆ ಸೂಜಿ ಬೇಡ. ಸ್ವಲ್ಪ ಹೊತ್ತು ಏನೂ ತಿನ್ನದೆ ಕುಳಿತು, ತಾನಾಗಿ ಒಸರುವ ಜೊಲ್ಲನ್ನು ನಳಿಕೆಗೆ ಬಿಟ್ಟರೆ ಸಾಕು. ಮಂಜುಗಡ್ಡೆಯಲ್ಲಿಟ್ಟು ತಂದ ಮಾದರಿಯನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲಿನ ತಿಳಿಯನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದೊಡನೆ ಕಾಯಿಸುತ್ತಾರೆ. ಗುಲಾಬಿ ಬಣ್ಣ ಏರುತ್ತದೆ. 532 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಗಾಢತೆಯನ್ನು ಅಳೆಯುತ್ತಾರೆ. ಡಿಎನ್‌ಎ ಹಾನಿಗೆ 8-ಹೈಡ್ರಾಕ್ಸಿಡಿಆಕ್ಸಿಗ್ವಾನೋಸಿನ್ ಗುರುತು.

ಬಾಯಿ ಕ್ಯಾನ್ಸರ್ ಇದ್ದವರಲ್ಲಿ ಇವೆರಡೂ ಆರೋಗ್ಯವಂತರಿಗಿಂತ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ವಸಡಿನ ರೋಗ, ಧೂಮಪಾನಗಳೂ ಇವನ್ನು ಏರಿಸುತ್ತವೆ. ಎಲ್ಲರೂ ಒಪ್ಪಿದ ಗಡಿ ಅಂಕಿಯೂ ಇಲ್ಲ. ಇದೊಂದನ್ನೇ ನೆಚ್ಚಿ ಯಾರಿಗಾದರೂ ಧೈರ್ಯ ಹೇಳುವುದು ನಿಜಕ್ಕೂ ಅಪಾಯಕರ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ರೋಗವನ್ನು ಖಚಿತಪಡಿಸುವುದು ಈಗಲೂ ಬಯಾಪ್ಸಿಯೇ.