ದ್ರಾಕ್ಷಿ ತೋಟದ ನಡುವಣ ಒಂಟಿ ಹೂಮರ

ಮರವೊಂದು ಒಂಟಿಯಾಗಿ ನಿಂತಿದೆಯೆಂಬುದನ್ನು ಛಾಯಾಚಿತ್ರದಲ್ಲಿ ತೋರಿಸುವುದು ಹೇಗೆ? ಚೌಕಟ್ಟಿನ ತುಂಬ ಮರವನ್ನೇ ಹಿಡಿದರಾಯಿತಲ್ಲ ಎನ್ನುವಿರೇನೋ. ಹಾಗೆ ಹಿಡಿದರೆ ಹೂವು ಕಂಡೀತೇ ಹೊರತು ಒಂಟಿತನ ಕಾಣದು. ಅದಕ್ಕೆ ಸುತ್ತಣ ಬಯಲೇ ಸಾಕ್ಷಿಯಾಗಬೇಕು.

ಜರ್ಮನಿಯ ನೈಋತ್ಯಕ್ಕಿರುವ ಫಾಲ್ಟ್ಸ್ ಸೀಮೆಯನ್ನೇ ನೋಡಿ. ಪಶ್ಚಿಮಕ್ಕೆ ಹಾರ್ಟ್ ಗುಡ್ಡಗಳ ಸಾಲು, ಪೂರ್ವಕ್ಕೆ ರೈನ್ ನದಿಯ ಬಯಲು, ನಡುವೆ ದ್ರಾಕ್ಷಿ ತೋಟಗಳು. ಅವುಗಳ ನಡುವೆ 1935ರಲ್ಲಿ ಆರಂಭವಾದ ‘ದ್ರಾಕ್ಷಾರಸದ ದಾರಿ’ ಸುಮಾರು 85 ಕಿಲೋಮೀಟರು ಸಾಗುತ್ತದೆ. ಗುಡ್ಡಗಳ ಮರೆಯಲ್ಲಿ ಹವೆ ಬೆಚ್ಚಗಿರುವುದರಿಂದ ಅಲ್ಲಿ ಬಾದಾಮಿಯೂ ಬೆಳೆಯುತ್ತದೆ. (ನಮ್ಮ ಬೀದಿಬದಿಯ ಕಾಡುಬಾದಾಮಿಯಲ್ಲ; ಇದು ಪೀಚ್ ಹಣ್ಣಿನ ದಾಯಾದಿ.) ಸಾಮಾನ್ಯವಾಗಿ ಮಾರ್ಚಿಯಲ್ಲಿ, ಎಲೆ ಮೂಡುವ ಮುನ್ನವೇ, ಮರವೆಲ್ಲ ನಸುಗೆಂಪು ಹೂ. ಗಿಮ್ಮೆಲ್ಡಿಂಗೆನ್ ಎಂಬಲ್ಲಿ ಬಾದಾಮಿ ಹೂವಿನ ಹಬ್ಬಕ್ಕೆ ಗೊತ್ತಾದ ದಿನವೇ ಇಲ್ಲ. ಮರ ಅರಳಿದಾಗ ಹಬ್ಬ.

ಆಗ ದ್ರಾಕ್ಷಿಬಳ್ಳಿಗಳು ಕತ್ತರಿಸಿಕೊಂಡು, ತಂತಿಗೊರಗಿ, ಬೋಳಾಗಿರುತ್ತವೆ. ಏಪ್ರಿಲಿನಲ್ಲಿ ಅವು ಚಿಗುರುವಷ್ಟರೊಳಗೆ ಹೂ ಮುಗಿದಿರುತ್ತದೆ. ಗಾಳಿಮಳೆ ಬಂದರಂತೂ ಎಸಳು ಅಂದೇ ನೆಲದ ಪಾಲು. ಇರುಳು ಹಿಮ ಕವಿದರೆ ಆ ವರ್ಷದ ಕಾಯಿಯೂ ಹೋದಂತೆಯೇ. ಆದುದರಿಂದ ನಾಳೆಗೆ ತಳ್ಳಬೇಡಿ.

ಎರಡು ಸಾಲುಗಳ ನಡುವೆ, ಸಾಲು ಮರದತ್ತ ಓಡುವಂತೆ ನಿಲ್ಲಿರಿ. ಬೆಳಗಿನ ಬಿಸಿಲಿನಲ್ಲಿ ಹೂವೂ ಗುಡ್ಡವೂ ಒಂದೇ ಸಮ ಬೆಳಗಿ, ಚಿತ್ರ ಸಪ್ಪೆಯಾಗುತ್ತದೆ. ನನ್ನ ಮತ ಸಂಜೆಗೆ. ಸೂರ್ಯ ಹಾರ್ಟ್ ಗುಡ್ಡಗಳ ಹಿಂದೆ ಇಳಿಯುವ ಮೊದಲು ಪಶ್ಚಿಮಕ್ಕೆ ಮುಖಮಾಡಿ ನೋಡಿರಿ: ನಮ್ಮೆದುರಿನ ಇಳಿಜಾರು ನೆರಳಿಗೆ ಸೇರಿರುತ್ತದೆ, ಹಿಂದಿನಿಂದ ಬೆಳಕು ಹಾಯ್ದ ಎಸಳು ಮಾತ್ರ ಹಣತೆಯಂತೆ ಉರಿಯುತ್ತದೆ. ಮಸೂರದ ಮೇಲೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದರೆ ಸಾಕು.

ಇಲ್ಲಿಯೇ ಕ್ಯಾಮರ ಮೋಸಹೋಗುವುದು. ಅದು ಕಂಡುದನ್ನೆಲ್ಲ ಸರಾಸರಿಗೆ, ನಡುಬೂದು ಬಣ್ಣಕ್ಕೆ, ತರಲೆಳಸುತ್ತದೆ. ಕಪ್ಪು ಗುಡ್ಡವೇ ಚೌಕಟ್ಟನ್ನು ತುಂಬಿದ್ದರೆ ಬೆಳಕನ್ನು ಅತಿಯಾಗಿ ಒಳಬಿಟ್ಟು ಎಸಳುಗಳನ್ನು ಬರಿಯ ಬಿಳಿಯ ಕಲೆಯಾಗಿಸುತ್ತದೆ. ಆಗ ಬೆಳಕನ್ನು ತಗ್ಗಿಸಿರಿ. ಹಿನ್ನೆಲೆ ಬೆಳ್ಳನೆಯ ಆಕಾಶವಾದರೆ ಮರ ಕಪ್ಪಿಡುತ್ತದೆ, ಆಗ ಹೆಚ್ಚಿಸಿರಿ. ಕೈಫೋನಿನಲ್ಲಾದರೂ ಹೂವಿನ ಮೇಲೆ ಬೆರಳಿಟ್ಟರೆ ಅದರ ಬೆಳಕನ್ನೇ ಅಳೆಯುತ್ತದೆ.

ಗಾಳಿಯಿದ್ದರೆ ಕೊಂಬೆ ನಿಲ್ಲುವವರೆಗೆ ಕಾಯಿರಿ. ಅಷ್ಟರಲ್ಲಿ ಬಳ್ಳಿ ಕಟ್ಟುವವನೊಬ್ಬ ದೂರದ ಸಾಲಿಗೆ ಬಂದನೆಂದು ಬೇಸರಪಡಬೇಡಿ. ಮರದ ಎತ್ತರವೆಷ್ಟೆಂಬುದಕ್ಕೆ ಅವನೇ ಅಳತೆಗೋಲು.