ಪಂಪನ ತಮ್ಮ

ಜಾಣ ಹುಡುಗನೊಬ್ಬ ಕಲಿತು ಹೋದ ಶಾಲೆಗೆ ಅವನ ತಮ್ಮ ಬಂದು ಸೇರಿದರೆ, ಆ ತಮ್ಮನಿಗೆ ಬಹುಕಾಲ ಸ್ವಂತ ಹೆಸರೇ ಇರುವುದಿಲ್ಲ. “ನೀನು ಇಂಥವನ ತಮ್ಮನಲ್ಲವೆ?” ಎಂದು ಮಾಸ್ತರರು ಮೊದಲ ದಿನವೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಅಕ್ಕರೆಯಿದೆ; ಜೊತೆಗೇ ಒಂದು ಅಳತೆಗೋಲೂ ಇದೆ. ಲೆಕ್ಕ ತಪ್ಪಿದರೆ ಅಣ್ಣನ ಮಾತು ಬರುತ್ತದೆ; ಸರಿಯಾದರೂ ಅಣ್ಣನ ಮಾತೇ ಬರುತ್ತದೆ.

ಅಣ್ಣನೇ ಆದಿಕವಿಯಾದರೆ ತಮ್ಮನ ಪಾಡೇನು? ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರೆತ್ತಿದೊಡನೆ ನಾವು ಪಂಪನನ್ನು ನೆನೆಯುತ್ತೇವೆ. ಕ್ರಿ. ಶ. 941ರಲ್ಲಿ ‘ಆದಿಪುರಾಣ’ವನ್ನು ಮುಗಿಸಿ, ‘ವಿಕ್ರಮಾರ್ಜುನ ವಿಜಯ’ದಿಂದ ತನ್ನ ದೊರೆ ಅರಿಕೇಸರಿಯ ಮನ್ನಣೆಯನ್ನು ಪಡೆದ ಮಹಾಕವಿ ಅವನು. ಅವನಿಗೊಬ್ಬ ತಮ್ಮನಿದ್ದ; ಜಿನವಲ್ಲಭನೆಂದು ಅವನ ಹೆಸರು. ಸಾಹಿತ್ಯ ಚರಿತ್ರೆಯನ್ನು ಓದಿದವರಲ್ಲಿಯೂ ಈ ಹೆಸರನ್ನು ತಟ್ಟನೆ ಹೇಳಬಲ್ಲವರು ಕಡಿಮೆ.

ಜಿನವಲ್ಲಭನ ಗುರುತು ಇರುವುದು ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ. ಅಲ್ಲಿಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟವೆಂಬ ಕಲ್ಲುಗುಡ್ಡವೊಂದಿದೆ. ಹಿಂದಿನ ಕಾಲದ ವೃಷಭಗಿರಿಯೇ ಇದು. ಅಣ್ಣನಿಗೆ ಅರಿಕೇಸರಿಯಿಂದ ದೊರೆತ ಅಗ್ರಹಾರ ಧರ್ಮಪುರ. ಅದರ ಉತ್ತರಕ್ಕೇ ಈ ಬೆಟ್ಟ. ಎಂದರೆ ತಮ್ಮನು ನಿಂತ ನೆಲವೂ ಅಣ್ಣನ ಕೀರ್ತಿಯ ನೆರಳಿನಲ್ಲಿಯೇ ಇತ್ತು. ಅಲ್ಲಿ ಅವನು ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿದ. ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ತೋಟವನ್ನೂ ಮಾಡಿಸಿದ. ಕವಿತಾಗುಣಾರ್ಣವ ಪಂಪನ ಬಿರುದು. ತಾನು ಕಟ್ಟಿಸಿದ ಕೆರೆಗೆ ತನ್ನ ಹೆಸರನ್ನಿಡದೆ ಅಣ್ಣನ ಬಿರುದನ್ನಿಟ್ಟವನ ಮನಸ್ಸು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಅವನು ತನ್ನನ್ನು ಪೂರ್ತಿಯಾಗಿ ಅಳಿಸಿಕೊಂಡವನಲ್ಲ. ಸುಮಾರು 945ರಲ್ಲಿ ಅಲ್ಲಿಯೇ ಕೆತ್ತಿಸಿದ ಶಾಸನದಲ್ಲಿ ಅಣ್ಣನ ಹೊಗಳಿಕೆಯ ಜೊತೆಗೆ ತನ್ನ ಗುಣಗಳ ವರ್ಣನೆಯೂ ಇದೆ. ಕನ್ನಡ ಸಂಸ್ಕೃತಗಳೊಡನೆ ತೆಲುಗೂ ಅದರಲ್ಲಿ ಸೇರಿದೆ. ಅಲ್ಲಿಯ ತೆಲುಗು ಕಂದಗಳು ನನ್ನಯನಿಗಿಂತ ಒಂದು ಶತಮಾನದಷ್ಟು ಹಿಂದಿನವು; ಆದ್ದರಿಂದ ತೆಲುಗು ವಿದ್ವಾಂಸರಿಗೂ ಆ ಬಂಡೆ ಪೂಜ್ಯವಾಗಿದೆ. ಅಣ್ಣನು ಕನ್ನಡಕ್ಕೆ ಆದಿಕವಿ. ತಮ್ಮನ ಕಲ್ಲು ನೆರೆಯ ನುಡಿಯ ಮೊದಲ ಹೆಜ್ಜೆಗಳಿಗೂ ಸಾಕ್ಷಿ.

ಆದರೆ ಕನ್ನಡಿಗರ ಮೇಲೆ ಅವನ ಋಣ ಇನ್ನೂ ದೊಡ್ಡದು. ಪಂಪನು ತನ್ನ ಕಾವ್ಯಗಳಲ್ಲಿ ತಂದೆಯ ಕಡೆಯ ಹಿರಿಯರನ್ನು ಸಾಲಾಗಿ ಹೇಳಿಕೊಂಡಿದ್ದಾನೆ. ತಾಯಿಯ ಹೆಸರನ್ನು ಹೇಳಿಲ್ಲ. ಹೇಳಿದವನು ತಮ್ಮ. ಅಬ್ಬಣಬ್ಬೆ ಎಂದು ತಾಯಿಯ ಹೆಸರು, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅವಳು ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿಟ್ಟ. ಬೆಳ್ವೊಲದ ಎರೆನೆಲದಲ್ಲಿರುವ ಈ ಊರನ್ನು ಪಂಪನ ತಾಯಿಯ ತವರೆಂದೂ ಅವನು ಹುಟ್ಟಿದ ನೆಲವೆಂದೂ ವಿದ್ವಾಂಸರು ಎಣಿಸುವುದಕ್ಕೆ ಆಧಾರವಾದದ್ದು ಈ ಮಾತೇ.

ಇಂದು ಅಣ್ಣಿಗೇರಿಯ ಮಕ್ಕಳು “ಪಂಪ ನಮ್ಮ ಊರಿನವನು” ಎಂದು ಹೆಮ್ಮೆಪಡುತ್ತಾರೆ. ಪಡಲಿ. ಆ ಹೆಮ್ಮೆಯನ್ನು ಅವರಿಗೆ ಕೊಟ್ಟವನು ಪಂಪನಲ್ಲ, ಪಂಪನ ತಮ್ಮ ಎಂಬುದನ್ನೂ ಅವರಿಗೆ ಹೇಳಬೇಕು. ಅಣ್ಣನ ಹೆಸರಿನ ಹಿಂದೆ ತಲೆ ತಗ್ಗಿಸಿ ಕುಳಿತ ಹುಡುಗನೊಬ್ಬ ಆ ತರಗತಿಯಲ್ಲಿಯೂ ಇದ್ದಾನು. ಅವನು ಒಮ್ಮೆ ತಲೆಯೆತ್ತಿ ನೋಡಿಯಾನು.